‘ಮಿಸ್ಟರ್ ಸಿಟಿಜನ್’ ಮತ್ತು ದಂಡಿನ ಪತ್ರಿಕಾಲಯ: ಬಿ.ವಿ. ರಾಮಮೂರ್ತಿಯವರ ವ್ಯಂಗ್ಯಚಿತ್ರದ ಚಾರಿತ್ರಿಕ ನೆಲೆ

ಕರ್ನಾಟಕದ ಪತ್ರಿಕೋದ್ಯಮದ ಇತಿಹಾಸವನ್ನು ಬರೆದವರು ಸಂಪಾದಕರನ್ನೂ ಮಾಲೀಕರನ್ನೂ ಅಂಕಣಕಾರರನ್ನೂ ವಿಸ್ತಾರವಾಗಿ ಪರಿಗಣಿಸಿದ್ದಾರೆ. ಪತ್ರಿಕೆಯ ಪುಟದಲ್ಲಿ ಅಂಗೈಯಗಲದ ಜಾಗವನ್ನು ದಿನವೂ ರೇಖೆಗಳಿಂದ ತುಂಬಿಸುತ್ತಿದ್ದವರಿಗೆ ಆ ಇತಿಹಾಸದಲ್ಲಿ ದೊರೆತಿರುವುದು ಒಂದೆರಡು ವಾಕ್ಯಗಳ ಗೌರವ ಮಾತ್ರ. ಚಿತ್ರಕಲೆಯ ಇತಿಹಾಸಕಾರರಿಗೆ ಅವರು ಪತ್ರಕರ್ತರು. ಪತ್ರಿಕೋದ್ಯಮದ ಇತಿಹಾಸಕಾರರಿಗೆ ಅವರು ಚಿತ್ರಕಾರರು. ಸಾಹಿತ್ಯ ಚರಿತ್ರೆಯಲ್ಲಿ ಹಾಸ್ಯಲೇಖಕರಿಗೆ ಒಂದು ಅಧ್ಯಾಯವಾದರೂ ಮೀಸಲಾಗಿರುತ್ತದೆ, ನಗೆಚಿತ್ರಕಾರರಿಗೆ ಅದೂ ಇಲ್ಲ. ಈ ಎರಡು ಬೇಲಿಗಳ ನಡುವೆ ಉಳಿದುಬಿಟ್ಟವರಲ್ಲಿ ಬೆಂಗಳೂರಿನ ಬಿ.ವಿ. ರಾಮಮೂರ್ತಿಯವರು ಪ್ರಮುಖರು. ನಾಲ್ಕು ದಶಕಗಳಷ್ಟು ದೀರ್ಘ ಕಾಲ ‘ಡೆಕ್ಕನ್ ಹೆರಾಲ್ಡ್’ ಬಳಗದಲ್ಲಿ ಚಿತ್ರ ಬರೆದ ರಾಮಮೂರ್ತಿಯವರು ನಿಧನರಾದುದು 2004ರಲ್ಲಿ. ಅವರು ಸೃಷ್ಟಿಸಿದ ‘ಮಿಸ್ಟರ್ ಸಿಟಿಜನ್’ ಎಂಬ ಪಾತ್ರವು ಎರಡು ತಲೆಮಾರುಗಳ ಓದುಗರಿಗೆ ಬೆಳಗಿನ ಕಾಫಿಯಷ್ಟೇ ಪರಿಚಿತವಾಗಿತ್ತು. ಆ ಪಾತ್ರದ ಹೆಸರು, ಅದು ಹುಟ್ಟಿದ ಸ್ಥಳ ಮತ್ತು ಕಾಲ, ಅದನ್ನು ಮುದ್ರಿಸಿದ ತಂತ್ರ ಇವುಗಳ ಮೂಲಕ ನಗರ ಚರಿತ್ರೆಯ ಒಂದು ಮುಖವನ್ನು ಓದಲು ಸಾಧ್ಯವಿದೆ.

ಮೊದಲು ಪರಿಭಾಷೆಯ ಮಾತು. ‘ಕಾರ್ಟೂನ್’ ಎಂಬುದಕ್ಕೆ ಕನ್ನಡದಲ್ಲಿ ನಗೆಚಿತ್ರ, ಹಾಸ್ಯಚಿತ್ರ, ವ್ಯಂಗ್ಯಚಿತ್ರ ಎಂಬ ಮೂರು ಪದಗಳು ಬಳಕೆಗೆ ಬಂದವು. ಇವುಗಳಲ್ಲಿ ಮೂರನೆಯದು ಹೆಚ್ಚು ನೆಲೆನಿಂತಿತು. ಇಂದಿನ ರೂಢಿಯಲ್ಲಿ ವ್ಯಂಗ್ಯವೆಂದರೆ ಚುಚ್ಚುಮಾತು. ಆದರೆ ಕಾವ್ಯಮೀಮಾಂಸೆಯಲ್ಲಿ, ವಿಶೇಷವಾಗಿ ಆನಂದವರ್ಧನನ ಧ್ವನಿ ಸಿದ್ಧಾಂತದಲ್ಲಿ, ವ್ಯಂಗ್ಯವೆಂಬುದು ವಾಚ್ಯಾರ್ಥವನ್ನು ದಾಟಿ ಸೂಚಿತವಾಗುವ ಅರ್ಥ. ಕನ್ನಡಕ್ಕೆ ಈ ಪರಿಕಲ್ಪನೆ ಹೊಸದಲ್ಲ; ‘ಕವಿರಾಜಮಾರ್ಗ’ವೇ ಧ್ವನಿಯನ್ನು ಅಲಂಕಾರವಾಗಿ ಗುರುತಿಸಿದೆ. ಪತ್ರಿಕೆಯ ಕಿರುಚಿತ್ರಕ್ಕೆ ಈ ಹಳೆಯ ಅರ್ಥವೇ ಹೆಚ್ಚು ಒಪ್ಪುವಂಥದು. ಚಿತ್ರದ ಕೆಳಗಿನ ಒಂದು ಸಾಲಿನ ಮಾತು ಒಂದನ್ನು ಹೇಳುತ್ತದೆ, ಚಿತ್ರ ಇನ್ನೊಂದನ್ನು ತೋರಿಸುತ್ತದೆ. ಹಾಸ್ಯ ಹುಟ್ಟುವುದು ಇವೆರಡರ ನಡುವಿನ ತೆರಪಿನಲ್ಲಿ. ಚುಚ್ಚುವುದಷ್ಟೇ ವ್ಯಂಗ್ಯಚಿತ್ರದ ಕೆಲಸವೆಂದು ತಿಳಿದವರು ರಾಮಮೂರ್ತಿಯವರ ಸೌಮ್ಯತೆಯನ್ನು ಒಂದು ಕೊರತೆಯಾಗಿ ಎಣಿಸಿಯಾರು. ಆದರೆ ದಿನನಿತ್ಯದ ಕಿರುಚಿತ್ರವೆಂಬ ಪ್ರಕಾರವು ಸಂಪಾದಕೀಯ ಪುಟದ ದೊಡ್ಡ ರಾಜಕೀಯ ಚಿತ್ರದಿಂದ ಬೇರೆಯಾದುದು. 1939ರ ಜನವರಿ 1ರಂದು ಲಂಡನ್ನಿನ ‘ಡೈಲಿ ಎಕ್ಸ್‌ಪ್ರೆಸ್’ ಪತ್ರಿಕೆಯಲ್ಲಿ ಆಸ್ಬರ್ಟ್ ಲ್ಯಾಂಕಾಸ್ಟರ್ ಒಂದೇ ಕಾಲಮಿನ ಅಗಲದ ಚಿತ್ರವನ್ನು ಆರಂಭಿಸಿದಾಗ ಅದಕ್ಕೆ ‘ಪಾಕೆಟ್ ಕಾರ್ಟೂನ್’ ಎಂಬ ಹೆಸರು ಬಂದದ್ದು ಜರ್ಮನಿಯ ಕಿರು ಯುದ್ಧನೌಕೆಗಳಿಗೆ ಇಟ್ಟಿದ್ದ ಅಡ್ಡಹೆಸರಿನಿಂದ. ಗಾತ್ರ ಕಿರಿದು, ಹೊರುವ ಮದ್ದು ದೊಡ್ಡದು ಎಂಬುದು ಆ ಹೆಸರಿನ ಇಂಗಿತ.

ರಾಮಮೂರ್ತಿಯವರ ಕಾರ್ಯಕ್ಷೇತ್ರವಾಗಿದ್ದ ಮಹಾತ್ಮ ಗಾಂಧಿ ರಸ್ತೆಯ ಹಿನ್ನೆಲೆಯನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ನೋಡಬೇಕಾಗುತ್ತದೆ. 1809ರಲ್ಲಿ ಶ್ರೀರಂಗಪಟ್ಟಣದಿಂದ ಬ್ರಿಟಿಷ್ ಸೇನೆ ಬೆಂಗಳೂರಿಗೆ ವರ್ಗವಾದಂದಿನಿಂದ ಹಲಸೂರಿನ ಸುತ್ತಮುತ್ತ ಬೆಳೆದ ಊರನ್ನು ಪೇಟೆಯ ಜನ ‘ದಂಡು’ ಎಂದೇ ಕರೆದರು. ಪೇಟೆಗೂ ದಂಡಿಗೂ ನಡುವೆ ಕಬ್ಬನ್ ಉದ್ಯಾನ. 1881ರಲ್ಲಿ ಮೈಸೂರು ರಾಜ್ಯವು ಒಡೆಯರಿಗೆ ಮರಳಿದಾಗಲೂ ದಂಡು ಮರಳಲಿಲ್ಲ. ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಎಂಬ ಹೆಸರಿನಲ್ಲಿ ಅದು ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲಿ ಉಳಿಯಿತು. ಹೀಗೆ ಎರಡು ಮೈಲಿಗಳ ಅಂತರದಲ್ಲಿ ಎರಡು ಆಡಳಿತ, ಎರಡು ಪುರಸಭೆ, ಎರಡು ಬಗೆಯ ಕಾನೂನು. ಪೇಟೆಯಲ್ಲಿ ಕನ್ನಡ, ತೆಲುಗು, ಮರಾಠಿ. ದಂಡಿನಲ್ಲಿ ತಮಿಳು, ದಖನಿ ಉರ್ದು, ಇಂಗ್ಲಿಷ್. ಅದೇ 1881ರಲ್ಲಿ ಆರಂಭವಾದ ಮೈಸೂರಿನ ಪ್ರಜಾಪ್ರತಿನಿಧಿ ಸಭೆಯ ವ್ಯಾಪ್ತಿಗೆ ದಂಡು ಸೇರಿರಲಿಲ್ಲ. ಪೇಟೆಯವನು ಮಹಾರಾಜರ ಪ್ರಜೆ. ಬ್ಲ್ಯಾಕ್‌ಪಲ್ಲಿಯಲ್ಲಿ, ಅಂದರೆ ಇಂದಿನ ಶಿವಾಜಿನಗರದಲ್ಲಿ, ಅಂಗಡಿ ಇಟ್ಟವನು ಯಾರ ಪ್ರಜೆ ಎಂಬುದಕ್ಕೆ ಅಷ್ಟು ಸರಳವಾದ ಉತ್ತರವಿರಲಿಲ್ಲ.

ಈ ವಿಭಜನೆ ಕೊನೆಗೊಂಡದ್ದು ಮೂರು ವರ್ಷಗಳೊಳಗೆ. 1947ರ ಜುಲೈ 26ರಂದು ದಂಡು ಮೈಸೂರಿಗೆ ಮರಳಿತು. 1948ರ ಫೆಬ್ರವರಿಯಲ್ಲಿ ಸೌತ್ ಪೆರೇಡ್ ರಸ್ತೆ ಮಹಾತ್ಮ ಗಾಂಧಿ ರಸ್ತೆಯಾಯಿತು. 1949ರ ಡಿಸೆಂಬರ್ 8ರಂದು ಎರಡು ಪುರಸಭೆಗಳು ಕೂಡಿ ಬೆಂಗಳೂರು ನಗರ ಕಾರ್ಪೊರೇಷನ್ ರೂಪುಗೊಂಡಿತು. 1950ರ ಜನವರಿ 26ರಂದು ಪೇಟೆಯವನೂ ದಂಡಿನವನೂ ಏಕಕಾಲಕ್ಕೆ ಗಣರಾಜ್ಯದ ನಾಗರಿಕರಾದರು. ‘ಡೆಕ್ಕನ್ ಹೆರಾಲ್ಡ್’ ಮತ್ತು ‘ಪ್ರಜಾವಾಣಿ’ ಪತ್ರಿಕೆಗಳ ಜನ್ಮ ಇದೇ ಅವಧಿಯದು ಎಂಬುದು ಗಮನಾರ್ಹ. ಬಳ್ಳಾರಿ ಮೂಲದ ಉದ್ಯಮಿ ಕೆ.ಎನ್. ಗುರುಸ್ವಾಮಿಯವರು ಮಹಾತ್ಮ ಗಾಂಧಿ ರಸ್ತೆಯಲ್ಲಿ, ಹಿಂದೆ ಬಾರ್ ಮತ್ತು ರೆಸ್ಟೋರೆಂಟ್ ಆಗಿದ್ದ ಕಟ್ಟಡವೊಂದನ್ನು ಕೊಂಡು 1948ರ ಜೂನ್ 17ರಂದು ಇಂಗ್ಲಿಷ್ ಪತ್ರಿಕೆಯನ್ನೂ ಅಕ್ಟೋಬರ್ 15ರಂದು ಕನ್ನಡ ಪತ್ರಿಕೆಯನ್ನೂ ಹೊರತಂದರು. ದಂಡಿನ ಸಾಹೇಬರು ಕುಳಿತು ಕುಡಿಯುತ್ತಿದ್ದ ಜಾಗದಲ್ಲಿ ಕನ್ನಡದ ಮೊಳೆ ಜೋಡಣೆ ಆರಂಭವಾದ ಪ್ರಸಂಗವೇ ಒಂದು ವ್ಯಂಗ್ಯಚಿತ್ರಕ್ಕೆ ವಸ್ತುವಾಗಬಹುದಿತ್ತು. ಪೇಟೆಯ ಓದುಗನ ಕನ್ನಡ ಪತ್ರಿಕೆ ದಂಡಿನಲ್ಲಿ ಅಚ್ಚಾಗಿ ಕಬ್ಬನ್ ಉದ್ಯಾನವನ್ನು ದಾಟಿ ಚಿಕ್ಕಪೇಟೆಗೂ ಚಾಮರಾಜಪೇಟೆಗೂ ಹೋಗತೊಡಗಿತು.

‘ಡೆಕ್ಕನ್ ಹೆರಾಲ್ಡ್’ನ ಪ್ರಥಮ ಸಂಪಾದಕ ಪೋತನ್ ಜೋಸೆಫ್ ಅವರ ಹಿನ್ನೆಲೆಯೂ ಇಲ್ಲಿ ಪ್ರಸ್ತುತ. ಅವರು ದೆಹಲಿಯ ‘ಹಿಂದೂಸ್ತಾನ್ ಟೈಮ್ಸ್’ ಸಂಪಾದಕರಾಗಿದ್ದಾಗ, 1930ರ ದಶಕದ ಆರಂಭದಲ್ಲಿ, ಕೇಶವ ಶಂಕರ ಪಿಳ್ಳೆಯವರನ್ನು ಆ ಪತ್ರಿಕೆಗೆ ವ್ಯಂಗ್ಯಚಿತ್ರಕಾರರಾಗಿ ಕರೆತಂದವರು. ಭಾರತೀಯ ದಿನಪತ್ರಿಕೆಯಲ್ಲಿ ವ್ಯಂಗ್ಯಚಿತ್ರಕಾರನೂ ಸಂಪಾದಕ ವರ್ಗದ ಒಬ್ಬ ಸದಸ್ಯ, ಹೊರಗಿನಿಂದ ಚಿತ್ರ ತಂದುಕೊಟ್ಟು ಹೋಗುವ ಕುಶಲಕರ್ಮಿಯಲ್ಲ ಎಂಬ ಕಲ್ಪನೆ ಬೇರೂರಿದ್ದು ಬಹುಮಟ್ಟಿಗೆ ಆ ನೇಮಕದಿಂದ. ಅಂಥ ಸಂಪಾದಕರು ಬೆಂಗಳೂರಿನಲ್ಲಿ ಪತ್ರಿಕೆ ಕಟ್ಟಿದಾಗ ಚಿತ್ರಕ್ಕೆ ಪುಟದಲ್ಲಿ ಸ್ಥಾನ ದೊರೆಯುವುದು ಸಹಜವೇ ಆಗಿತ್ತು. ಕನ್ನಡದ ಬದಿಯಲ್ಲಿ ಟಿ.ಎಸ್. ರಾಮಚಂದ್ರರಾಯರು ‘ಪ್ರಜಾವಾಣಿ’ಯಲ್ಲಿ ‘ಛೂಬಾಣ’ದ ಮೂಲಕ ಚುಟುಕು ವ್ಯಂಗ್ಯಕ್ಕೆ ಓದುಗರನ್ನು ಪಳಗಿಸಿದ್ದರು. ಎರಡು ಸಾಲುಗಳಲ್ಲಿ ಮುಗಿಯುವ ಆ ಬಾಣಗಳು ರೇಖೆಯಿಲ್ಲದ ಕಿರುಚಿತ್ರಗಳೇ ಎನ್ನಬಹುದು. 1965ರಲ್ಲಿ ‘ಸುಧಾ’ ವಾರಪತ್ರಿಕೆಯೂ 1968ರಲ್ಲಿ ‘ಮಯೂರ’ ಮಾಸಿಕವೂ ಇದೇ ಮನೆಯಿಂದ ಹೊರಟಾಗ ನಗೆಚಿತ್ರಗಳ ಬೇಡಿಕೆ ಇನ್ನೂ ಹೆಚ್ಚಿತು.

ದಂಡಿನ ಈ ಪರಂಪರೆಗೆ ಸಮಾನಾಂತರವಾಗಿ ಪೇಟೆಯ ಕಡೆಯಿಂದ ಇನ್ನೊಂದು ಪರಂಪರೆ ಹರಿದುಬಂದಿತ್ತು. ವೃತ್ತಿಯಿಂದ ವೈದ್ಯರಾಗಿದ್ದ ಡಾ. ಎಂ. ಶಿವರಾಂ, ಅಂದರೆ ‘ರಾಶಿ’, 1942ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ‘ಕೊರವಂಜಿ’ ಮಾಸಪತ್ರಿಕೆಯು 1967ರವರೆಗೆ, ಇಪ್ಪತ್ತೈದು ವರ್ಷ, ನಗೆಗೆಂದೇ ಮೀಸಲಾಗಿ ನಡೆಯಿತು. ನಾ. ಕಸ್ತೂರಿ, ಟಿ. ಸುನಂದಮ್ಮ ಮೊದಲಾದವರ ಬರಹಗಳ ಜೊತೆಗೆ ಮೈಸೂರಿನ ಯುವಕ ಆರ್.ಕೆ. ಲಕ್ಷ್ಮಣ್ ಅವರ ಆರಂಭಕಾಲದ ರೇಖೆಗಳು ಅಲ್ಲಿ ಪ್ರಕಟವಾದವು. ಲಕ್ಷ್ಮಣ್ ಮುಂದೆ ಮುಂಬಯಿಗೆ ಹೋಗಿ ‘ಟೈಮ್ಸ್ ಆಫ್ ಇಂಡಿಯಾ’ ಸೇರಿ, 1951ರಿಂದ ‘ಯು ಸೆಡ್ ಇಟ್’ ಕಿರುಚಿತ್ರದ ಮೂಲಕ ದೇಶವೆಲ್ಲ ಗುರುತಿಸುವ ‘ಕಾಮನ್ ಮ್ಯಾನ್’ನನ್ನು ಸೃಷ್ಟಿಸಿದರು. 2015ರ ಜನವರಿ 26ರಂದು, ಗಣರಾಜ್ಯೋತ್ಸವದ ದಿನವೇ, ಅವರು ಪುಣೆಯಲ್ಲಿ ತೀರಿಕೊಂಡರು. ರಾಮಮೂರ್ತಿಯವರನ್ನು ಕುರಿತು ಮಾತನಾಡುವವರು ಲಕ್ಷ್ಮಣ್ ಅವರೊಡನೆ ಹೋಲಿಸದೆ ಬಿಡುವುದಿಲ್ಲ. ಹೋಲಿಕೆಯಲ್ಲಿ ಬೆಂಗಳೂರಿನವರು ಮುಂಬಯಿಯವರ ಒಂದು ಸ್ಥಳೀಯ ಆವೃತ್ತಿಯೆಂಬ ಧ್ವನಿ ಇಣುಕುವುದೂ ಉಂಟು. ಈ ತೀರ್ಮಾನ ಆತುರದ್ದು.

ಎರಡು ಪಾತ್ರಗಳ ಹೆಸರುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ‘ಕಾಮನ್ ಮ್ಯಾನ್’ನಿಗೆ ಕನ್ನಡದಲ್ಲಿ ಸಮೀಪದ ಪದವೆಂದರೆ ಕುವೆಂಪು ಅವರು ರೂಢಿಗೆ ತಂದ ‘ಶ್ರೀಸಾಮಾನ್ಯ’. ಸಾಮಾನ್ಯನೆಂಬುದು ಒಂದು ಸ್ಥಿತಿ. ಅವನು ಎಲ್ಲಿಯಾದರೂ ಇರಬಹುದು. ಮಂತ್ರಿಯ ಕೋಣೆಯಲ್ಲಿ, ವಿಮಾನ ನಿಲ್ದಾಣದಲ್ಲಿ, ಬರಪೀಡಿತ ಹಳ್ಳಿಯಲ್ಲಿ ಲಕ್ಷ್ಮಣ್ ಅವರ ಮನುಷ್ಯ ಮೂಕಸಾಕ್ಷಿಯಾಗಿ ನಿಲ್ಲುತ್ತಾನೆ. ‘ಸಿಟಿಜನ್’ ಎಂಬುದಾದರೋ ಒಂದು ಸಂಬಂಧ. ನಗರಕ್ಕೆ, ರಾಜ್ಯಕ್ಕೆ, ತೆರಿಗೆ ವಸೂಲಿ ಮಾಡುವ ಕಚೇರಿಗೆ ಸಂಬಂಧವಿಲ್ಲದೆ ಯಾರೂ ಸಿಟಿಜನ್ ಆಗಲಾರರು. ಕನ್ನಡದ ‘ನಾಗರಿಕ’ ಪದದಲ್ಲಿಯೂ ನಗರವಿದೆ. ಆ ಹೆಸರಿನ ಹಿಂದಿರುವ ‘ಮಿಸ್ಟರ್’ ದಂಡಿನ ಕಾಗದಪತ್ರಗಳ ಸಂಬೋಧನೆ. ಅರ್ಜಿ ಬರೆಯುವವನಿಗೂ ಬಿಲ್ಲು ಕಟ್ಟುವವನಿಗೂ ಕಚೇರಿ ಕೊಡುವ ಔಪಚಾರಿಕ ಮರ್ಯಾದೆ. ಆ ಮರ್ಯಾದೆಗೂ ಅವನಿಗೆ ದೊರೆಯುವ ಸೇವೆಗೂ ನಡುವಿನ ದೂರವನ್ನು ಹೆಸರೇ ಸೂಚಿಸುತ್ತದೆ.

‘ಪ್ರಜೆ’ ಎಂಬ ಪದಕ್ಕೆ ಕನ್ನಡದಲ್ಲಿ ರಾಜನ ಅಧೀನನಾದವನು ಎಂಬ ಅರ್ಥವೂ ಗಣರಾಜ್ಯದ ಒಡೆತನದಲ್ಲಿ ಪಾಲುಳ್ಳವನು ಎಂಬ ಅರ್ಥವೂ ಇದೆ. 1948ರಲ್ಲಿ ‘ಪ್ರಜಾವಾಣಿ’ ಎಂದು ಹೆಸರಿಟ್ಟಾಗ ಆ ಪದ ಮೊದಲನೆಯ ಅರ್ಥದಿಂದ ಎರಡನೆಯದಕ್ಕೆ ಹೊರಳುತ್ತಿತ್ತು. ಅದೇ ಕಟ್ಟಡದಲ್ಲಿ ಮುಂದೆ ರೂಪುಗೊಂಡ ‘ಮಿಸ್ಟರ್ ಸಿಟಿಜನ್’ ಈ ಹೊರಳುವಿಕೆಯ ಚಿತ್ರರೂಪವೆಂದು ಓದಿದರೆ ಪಾತ್ರದ ಮಹತ್ವ ಸರಿಯಾಗಿ ತಿಳಿಯುತ್ತದೆ. ಅವನಿಗೆ ಮತವುಂಟು, ಹಕ್ಕುಂಟು, ಹೆಸರಿನ ಮುಂದೆ ಗೌರವವಾಚಕವುಂಟು, ಕೊಳಾಯಿಯಲ್ಲಿ ನೀರಿಲ್ಲ. ಎರಡು ಆಡಳಿತಗಳ ಗಡಿಯಲ್ಲಿ ಶತಮಾನಕಾಲ ಬದುಕಿದ ಊರಿನಲ್ಲಿ, ಗಡಿ ಅಳಿಸಿದ ಮೇಲೆ, ಎರಡೂ ಬದಿಯವರು ಒಟ್ಟಾಗಿ ಮೊದಲು ಅನುಭವಿಸಿದ ಸಮಾನತೆ ಕಾರ್ಪೊರೇಷನ್ನಿನ ಮುಂದಿನ ಸಮಾನತೆಯೇ. ಇದು ವ್ಯಾಖ್ಯಾನವೇ ಹೊರತು ಚಿತ್ರಕಾರರ ಘೋಷಿತ ಉದ್ದೇಶವಲ್ಲ. ದಿನಕ್ಕೊಂದು ಚಿತ್ರ ಕೊಡಬೇಕಾದವನು ಸಿದ್ಧಾಂತವನ್ನು ಕಟ್ಟಿಕೊಂಡು ಕೂರುವುದಿಲ್ಲ.

ಊರು ಬೆಳೆದ ವೇಗವನ್ನು ನೆನೆದರೆ ಈ ನಾಗರಿಕನ ಪಾಡು ಅರ್ಥವಾಗುತ್ತದೆ. 1951ರ ಜನಗಣತಿಯಲ್ಲಿ 7.8 ಲಕ್ಷದಷ್ಟಿದ್ದ ಬೆಂಗಳೂರಿನ ಜನಸಂಖ್ಯೆ 1981ರ ವೇಳೆಗೆ 29 ಲಕ್ಷವನ್ನು ಮುಟ್ಟಿತು. ಬೆಳವಣಿಗೆಯ ಒಂದು ದೊಡ್ಡ ಭಾಗ ಪೂರ್ವ ದಿಕ್ಕಿನಲ್ಲಿ ಆಯಿತು. 1940ರಲ್ಲಿ ಆರಂಭವಾದ ಹಿಂದೂಸ್ತಾನ್ ವಿಮಾನ ಕಾರ್ಖಾನೆ, 1948ರಲ್ಲಿ ಕೃಷ್ಣರಾಜಪುರದ ಬಳಿ ದೂರವಾಣಿನಗರದಲ್ಲಿ ನೆಲೆಗೊಂಡ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್, ಬಳಿಕ ಹಳೆಯ ಮದರಾಸು ರಸ್ತೆಯ ಎನ್.ಜಿ.ಇ.ಎಫ್. ಇವು ದಂಡಿನ ಆಚೆಗೆ ಹೊಸದೊಂದು ಓದುಗ ವರ್ಗವನ್ನು ನಿರ್ಮಿಸಿದವು. ಬಿನ್ನಮಂಗಲದ ಹೊಲಗದ್ದೆಗಳ ಮೇಲೆ 1970ರ ದಶಕದಲ್ಲಿ ಇಂದಿರಾನಗರ ಬಡಾವಣೆ ಎದ್ದಿತು. ಪಾಳಿ ಮುಗಿಸಿ ಬರುವ ಕಾರ್ಮಿಕ, ನಿವೇಶನಕ್ಕೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುವ ಗುಮಾಸ್ತ, ಬಸ್ಸಿನ ಸಾಲಿನಲ್ಲಿ ನಿಂತ ಅಧ್ಯಾಪಕ ಇವರೆಲ್ಲ ದಂಡಿನ ಹಳೆಯ ನಿವಾಸಿಗಳಲ್ಲ, ಪೇಟೆಯ ಹಳೆಯ ಕುಳಗಳೂ ಅಲ್ಲ. ನೀರಿಗೆ 1896ರ ಹೆಸರಘಟ್ಟ, 1933ರ ತಿಪ್ಪಗೊಂಡನಹಳ್ಳಿ. ಕಾವೇರಿಯ ನೀರು ಊರನ್ನು ತಲುಪಿದ್ದು 1974ರಲ್ಲಿ. ಕಿರುಚಿತ್ರಕಾರನಿಗೆ ಬೇಕಾದ ದೈನಿಕ ಸಾಮಗ್ರಿಯನ್ನು ಇಂಥ ಊರು ಧಾರಾಳವಾಗಿಯೇ ಒದಗಿಸಿತು. ನಿಜಲಿಂಗಪ್ಪ, ದೇವರಾಜ ಅರಸು, ಗುಂಡೂರಾವ್, ರಾಮಕೃಷ್ಣ ಹೆಗಡೆ ಇವರು ಬಂದುಹೋದರು. ಗುಂಡಿ ಬಿದ್ದ ರಸ್ತೆ ಹಾಗೆಯೇ ಇತ್ತು.

ರೇಖೆಯ ಗುಣವನ್ನು ಚರ್ಚಿಸುವಾಗ ಮುದ್ರಣ ತಂತ್ರವನ್ನು ಮರೆಯಬಾರದು. ಮೊಳೆ ಮುದ್ರಣದ ಕಾಲದಲ್ಲಿ ಚಿತ್ರವನ್ನು ನೇರವಾಗಿ ಅಚ್ಚಿಸಲಾಗುತ್ತಿರಲಿಲ್ಲ. ಕಪ್ಪು ಮಸಿಯಲ್ಲಿ ದೊಡ್ಡದಾಗಿ ಬರೆದ ಚಿತ್ರವನ್ನು ಛಾಯಾಗ್ರಹಣದಿಂದ ಕಿರಿದುಗೊಳಿಸಿ, ಆ ನೆಗೆಟಿವನ್ನು ಬೆಳಕಿಗೆ ಸ್ಪಂದಿಸುವ ಲೇಪವುಳ್ಳ ಸತುವಿನ ಹಾಳೆಯ ಮೇಲೆ ಮೂಡಿಸಿ, ರೇಖೆಯಿಲ್ಲದ ಭಾಗವನ್ನು ಆಮ್ಲದಿಂದ ಕೊರೆಸಿ, ಉಳಿದ ಉಬ್ಬುರೇಖೆಯ ತಗಡನ್ನು ಮರದ ತುಂಡಿಗೆ ಹೊಡೆದು ಮೊಳೆಗಳ ಎತ್ತರಕ್ಕೆ ತರಲಾಗುತ್ತಿತ್ತು. ಇದಕ್ಕೆ ‘ಬ್ಲಾಕ್’ ಎಂದು ಹೆಸರು. ಈ ವಿಧಾನದಲ್ಲಿ ಕಪ್ಪು ಮತ್ತು ಬಿಳಿ ಎರಡೇ ಉಂಟು. ಬೂದುಬಣ್ಣ ಬೇಕಾದರೆ ಅಡ್ಡಗೆರೆ ಹಾಕಬೇಕು ಇಲ್ಲವೆ ಚುಕ್ಕಿ ಇಡಬೇಕು. ಗೆರೆಗಳು ಹತ್ತಿರವಾದರೆ ಒರಟು ಸುದ್ದಿಕಾಗದದ ಮೇಲೆ ಮಸಿ ಹರಡಿ ಒಂದೇ ಕಪ್ಪು ಮುದ್ದೆಯಾಗುತ್ತದೆ; ತೀರ ತೆಳುವಾದರೆ ಆಮ್ಲವೇ ಗೆರೆಯನ್ನು ನುಂಗುತ್ತದೆ. ಆದ್ದರಿಂದ ಕಿರುಚಿತ್ರದ ಮಿತವ್ಯಯವೆಂದು ವಿಮರ್ಶಕರು ಹೊಗಳುವ ಗುಣದಲ್ಲಿ ಅರ್ಧದಷ್ಟು ಚಿತ್ರಕಾರನ ವಿವೇಕ, ಇನ್ನರ್ಧ ಸತು ಮತ್ತು ಆಮ್ಲದ ಒತ್ತಾಯ. ಒಂದು ಕುರ್ಚಿಯಿಂದ ಕಚೇರಿ, ಒಂದು ಕಂಬದಿಂದ ಬೀದಿ, ಒಂದು ಟೋಪಿಯಿಂದ ಪುಢಾರಿ ಮೂಡಿಬರಬೇಕು. ಆಫ್‌ಸೆಟ್ ಮುದ್ರಣ ಬಂದ ಮೇಲೆ ಈ ಒತ್ತಾಯ ಸಡಿಲಿತು. ಆದರೂ ಬ್ಲಾಕಿನ ಕಾಲದಲ್ಲಿ ಕೈ ಪಳಗಿದವರ ರೇಖೆಯಲ್ಲಿ ಆ ಶಿಸ್ತು ಕಡೆಯವರೆಗೂ ಉಳಿಯಿತು.

ಬ್ಲಾಕಿಗೆ ಇನ್ನೊಂದು ಗುಣವಿತ್ತು. ಚಿತ್ರ ಲೋಹದಲ್ಲಿ, ಅಡಿಬರಹ ಮೊಳೆಯಲ್ಲಿ. ಮೊಳೆ ಬದಲಿಸಿದರೆ ಅದೇ ಚಿತ್ರ ಬೇರೆ ಭಾಷೆಯಲ್ಲಿ ಮಾತನಾಡಬಲ್ಲದು. ಇಂಗ್ಲಿಷ್ ಮತ್ತು ಕನ್ನಡ ಪತ್ರಿಕೆಗಳೆರಡನ್ನೂ ನಡೆಸುವ ಮನೆಯಲ್ಲಿ ಇದು ಸಣ್ಣ ಅನುಕೂಲವೇನಲ್ಲ. ಅದೇ ಸಮೂಹದ ಕನ್ನಡ ಓದುಗರಿಗೂ ರಾಮಮೂರ್ತಿಯವರ ರೇಖೆ ಪರಿಚಿತವಾಗಿತ್ತು. ಆದರೆ ಅಡಿಬರಹವನ್ನು ಭಾಷಾಂತರಿಸುವುದು ಮೊಳೆ ಬದಲಿಸಿದಷ್ಟು ಸುಲಭವಲ್ಲ. ಇಂಗ್ಲಿಷಿನ ‘ಯು’ ಎಂಬ ಒಂದೇ ಸರ್ವನಾಮ ಕನ್ನಡಕ್ಕೆ ಬಂದಾಗ ‘ನೀನು’ ಅಥವಾ ‘ನೀವು’ ಎಂದು ಒಡೆಯಲೇಬೇಕು. ಮಂತ್ರಿ ತನ್ನ ಕಾರ್ಯದರ್ಶಿಯನ್ನು ಹೇಗೆ ಕರೆಯುತ್ತಾನೆ, ಗುಮಾಸ್ತ ಅರ್ಜಿದಾರನನ್ನು ಹೇಗೆ ಕರೆಯುತ್ತಾನೆ, ಪೋಲೀಸಿನವನು ತಳ್ಳುಗಾಡಿಯವನನ್ನು ಹೇಗೆ ಕರೆಯುತ್ತಾನೆ ಎಂಬುದನ್ನು ಇಂಗ್ಲಿಷ್ ಅಡಿಬರಹ ಮುಚ್ಚಿಡಬಹುದು, ಕನ್ನಡ ಅಡಿಬರಹ ಬಚ್ಚಿಡಲಾರದು. ಸಮಾಜದ ಮೇಲು ಕೀಳುಗಳು ಕ್ರಿಯಾಪದದ ತುದಿಯಲ್ಲಿ ಬಂದು ಕೂರುತ್ತವೆ. ಎರಡೂ ಪತ್ರಿಕೆಗಳ ಒಂದೇ ಅವಧಿಯ ಕಿರುಚಿತ್ರಗಳನ್ನು ಎದುರುಬದುರಾಗಿಟ್ಟು ಓದುವ ಸಂಶೋಧಕನಿಗೆ ಚಿತ್ರಕಲೆಗಿಂತ ಹೆಚ್ಚಾಗಿ ಸಮಾಜಭಾಷಾವಿಜ್ಞಾನದ ಸಾಮಗ್ರಿ ದೊರೆಯುವುದರಲ್ಲಿ ಸಂದೇಹವಿಲ್ಲ. ಶಿವಾಜಿನಗರದ ದಖನಿ, ಹಲಸೂರಿನ ತಮಿಳು ಬೆರೆತ ಬೀದಿಮಾತು ಶಿಷ್ಟ ಇಂಗ್ಲಿಷ್ ಅಡಿಬರಹದಲ್ಲಿ ಸದ್ದಿಲ್ಲದೆ ಅಳಿಸಿಹೋಗುತ್ತಿದ್ದುದೂ ಇಲ್ಲಿಯೇ ಗಮನಿಸಬೇಕಾದ ಸಂಗತಿ.

1975ರ ಜೂನ್ 25ರಿಂದ 1977ರ ಮಾರ್ಚ್ 21ರವರೆಗಿನ ತುರ್ತು ಪರಿಸ್ಥಿತಿಯ ಪುಟಗಳಿಗೆ ವಿಶೇಷ ಗಮನ ಸಲ್ಲಬೇಕು. 1948ರಿಂದ ನಡೆದುಬಂದಿದ್ದ ‘ಶಂಕರ್ಸ್ ವೀಕ್ಲಿ’ 1975ರಲ್ಲಿ ನಿಂತಿತು. ವಾರಪತ್ರಿಕೆಯನ್ನು ನಿಲ್ಲಿಸಬಹುದು, ದಿನಪತ್ರಿಕೆಯ ಕಾಲಮನ್ನು ಪ್ರತಿದಿನ ತುಂಬಲೇಬೇಕು. ಕೇಂದ್ರ ಸರ್ಕಾರವನ್ನು ಟೀಕಿಸಲು ಅವಕಾಶವಿಲ್ಲದಾಗ ಚರಂಡಿ, ಬಸ್ಸು, ಪಡಿತರ ಇವು ಚಿತ್ರಕಾರನಿಗೆ ಆಶ್ರಯವಾಗುತ್ತವೆಯೇ, ಅಥವಾ ಅವುಗಳ ಮೂಲಕವೇ ಮೇಲಿನ ಮಾತು ಧ್ವನಿತವಾಗುತ್ತದೆಯೇ ಎಂಬುದು ಪುಟಗಳನ್ನು ದಿನಾಂಕಾನುಕ್ರಮವಾಗಿ ಓದಿದಾಗ ಮಾತ್ರ ತಿಳಿಯುವ ವಿಷಯ. ವ್ಯಂಗ್ಯ ಪದದ ಹಳೆಯ ಅರ್ಥ ಆ ಇಪ್ಪತ್ತೊಂದು ತಿಂಗಳುಗಳಲ್ಲಿ ಮತ್ತೆ ಜೀವ ಪಡೆಯಿತು.

‘ಮಿಸ್ಟರ್ ಸಿಟಿಜನ್’ ಎಂಬ ಕಲ್ಪನೆಗೆ ಮಿತಿಗಳಿಲ್ಲವೆಂದಲ್ಲ. ಅವನು ಗಂಡಸು, ಪತ್ರಿಕೆ ಕೊಳ್ಳುವಷ್ಟು ಅನುಕೂಲಸ್ಥ, ಕಂದಾಯ ಕಟ್ಟುವುದರಿಂದಲೇ ದೂರು ಹೇಳುವ ಅಧಿಕಾರವನ್ನು ಪಡೆದವನು. ಶಿವಾಜಿನಗರದ ಗಲ್ಲಿಗಳಲ್ಲಿ ಕಂದಾಯದ ರಸೀತಿಯೇ ಇಲ್ಲದೆ ಬದುಕುವ ಸಾವಿರಾರು ಜನ ಸಂವಿಧಾನದ ಕಣ್ಣಿನಲ್ಲಿ ಅವನಷ್ಟೇ ನಾಗರಿಕರು, ಆದರೆ ಆ ಹೆಸರು ಅವರನ್ನು ಒಳಗೊಳ್ಳುವುದಿಲ್ಲ. ಅವನ ಮನೆಯ ಹೆಂಗಸು ನಾಗರಿಕಳಾಗಿ ಮಾತನಾಡಬೇಕಾದರೆ ಬೇರೆಯೇ ಕೈ ಬೇಕಾಯಿತು. ಅದೂ ಅದೇ ಪತ್ರಿಕಾ ಬಳಗದಿಂದ ಬಂದಿತೆಂಬುದು ಈ ಸಂಸ್ಥೆಯ ಇತಿಹಾಸದ ಒಂದು ಒಳ್ಳೆಯ ಸಂಗತಿ. 1951ರಲ್ಲಿ ಜನಿಸಿದ ಮಾಯಾ ಕಾಮತ್ 1980ರ ದಶಕದ ನಡುಭಾಗದಲ್ಲಿ ಕೌಟುಂಬಿಕ ಚಿತ್ರಮಾಲಿಕೆಯಿಂದ ಆರಂಭಿಸಿ ರಾಜಕೀಯ ವ್ಯಂಗ್ಯಚಿತ್ರಕ್ಕೆ ಬಂದರು. ಭಾರತದಲ್ಲಿ ಆ ಕ್ಷೇತ್ರದಲ್ಲಿ ದುಡಿದ ಬೆರಳೆಣಿಕೆಯ ಮಹಿಳೆಯರಲ್ಲಿ ಒಬ್ಬರಾದರು. ಬಳಿಕ ‘ಏಷ್ಯನ್ ಏಜ್’ ಪತ್ರಿಕೆಗೂ ಬರೆದ ಅವರು 2001ರ ಅಕ್ಟೋಬರಿನಲ್ಲಿ, ಐವತ್ತರ ವಯಸ್ಸಿನಲ್ಲಿ, ತೀರಿಕೊಂಡರು. ಊಟದ ಮೇಜು, ಅಡುಗೆಮನೆ, ದೂರದರ್ಶನದ ಮುಂದಿನ ಸೋಫಾ ಇವುಗಳಿಂದ ದೇಶದ ರಾಜಕೀಯವನ್ನು ನೋಡುವ ಅವರ ಕ್ರಮವನ್ನು ರಾಮಮೂರ್ತಿಯವರ ಬೀದಿಬದಿಯ ನೋಟದ ಜೊತೆಗಿಟ್ಟಾಗ ಎರಡರ ಬೆಲೆಯೂ ಹೆಚ್ಚುತ್ತದೆ.

ಇಲ್ಲಿ ಸಂರಕ್ಷಣೆಯ ಪ್ರಶ್ನೆ ಏಳುತ್ತದೆ. ಈ ಬರಹದ ಪ್ರಧಾನ ಕಾಳಜಿಯೂ ಅದೇ. ಮಾಯಾ ಕಾಮತ್ ಅವರ ಸಾವಿರಾರು ಚಿತ್ರಗಳು ಮಹಿಳಾ ದಾಖಲೆಗಳಿಗೆಂದೇ ಇರುವ ಮುಂಬಯಿಯ ‘ಸ್ಪ್ಯಾರೋ’ ಸಂಗ್ರಹಾಲಯವನ್ನು ಸೇರಿ ಸಂಶೋಧಕರಿಗೆ ಲಭ್ಯವಾದವು. ‘ಕೊರವಂಜಿ’ಯ ಸಂಚಿಕೆಗಳು, ಅದರ ಪರಂಪರೆಯಲ್ಲಿ 1980ರ ದಶಕದಲ್ಲಿ ಹುಟ್ಟಿದ ‘ಅಪರಂಜಿ’ಯ ಬಳಗದ ಶ್ರಮದಿಂದ, ಡಿಜಿಟಲ್ ರೂಪವನ್ನು ಪಡೆದವು. ಮಾಸಪತ್ರಿಕೆಗೆ ಇದು ಸಾಧ್ಯ. ಇಪ್ಪತ್ತೈದು ವರ್ಷಕ್ಕೆ ಮುನ್ನೂರು ಸಂಚಿಕೆ. ದಿನಪತ್ರಿಕೆಯ ನಾಲ್ಕು ದಶಕವೆಂದ ಕೂಡಲೇ ಲೆಕ್ಕ ಹದಿನಾಲ್ಕು ಸಾವಿರ ಪುಟಗಳನ್ನು ಮೀರುತ್ತದೆ. ಮರದ ತಿರುಳಿನಿಂದ ತಯಾರಾದ ಸುದ್ದಿಕಾಗದದಲ್ಲಿ ಆಮ್ಲಾಂಶ ಹೆಚ್ಚು. ಅದು ಹಳದಿಗೆ ತಿರುಗಿ ಮಡಿಕೆಯಲ್ಲಿ ಮುರಿಯುತ್ತದೆ. ಮೈಕ್ರೋಫಿಲ್ಮಿನಲ್ಲಿ ಅಕ್ಷರ ಉಳಿದರೂ ಸಣ್ಣ ರೇಖೆ ಕಳೆದುಹೋಗುತ್ತದೆ. ಗಣಕದ ಶೋಧಕ್ಕೆ ಅಕ್ಷರ ಸಿಗುತ್ತದೆ, ಚಿತ್ರ ಸಿಗುವುದಿಲ್ಲ. ಸುದ್ದಿಯನ್ನು ಹುಡುಕುವವನು ವಿಷಯಸೂಚಿಯಿಂದ ಸುದ್ದಿಯನ್ನು ತಲುಪುತ್ತಾನೆ, ಪಕ್ಕದಲ್ಲೇ ಇರುವ ಕಿರುಚಿತ್ರ ಯಾವ ಸೂಚಿಗೂ ಸೇರದೆ ಉಳಿಯುತ್ತದೆ.

ನೆನಪಿನಿಂದ ಬರೆದ ಚಿತ್ರಕ್ಕೂ ಅಂದಂದೇ ಬರೆದ ಚಿತ್ರಕ್ಕೂ ಚರಿತ್ರೆಯ ದೃಷ್ಟಿಯಲ್ಲಿ ವ್ಯತ್ಯಾಸವಿದೆ. ಪಾಲ್ ಫರ್ನಾಂಡಿಸ್ ಅವರ ಬಣ್ಣದ ಚಿತ್ರಗಳು 1960–70ರ ದಶಕಗಳ ದಂಡನ್ನು ಅತ್ಯಂತ ಪ್ರೀತಿಯಿಂದ ಮರಳಿ ಕಟ್ಟಿಕೊಟ್ಟಿವೆ. ಅವುಗಳ ಜನಪ್ರಿಯತೆ ನ್ಯಾಯವಾದದ್ದೇ. ಆದರೆ ಕಳೆದುಹೋದ ಊರು ನೆನಪಿನಲ್ಲಿ ಸುಂದರವಾಗಿಯೇ ಕಾಣುತ್ತದೆ. ಕಿರುಚಿತ್ರದ ನಾಗರಿಕನಿಗೆ ಅದೇ ಊರು ಅದೇ ವರ್ಷಗಳಲ್ಲಿ ದೂರಿನ ವಸ್ತುವಾಗಿತ್ತು. ‘ಆಗ ಎಲ್ಲವೂ ಚೆನ್ನಾಗಿತ್ತು’ ಎಂಬ ಮಾತಿಗೆ ಎದುರುಸಾಕ್ಷ್ಯ ಬೇಕಾದವರು ದಿನಾಂಕವಿರುವ ಆ ಚಿತ್ರಗಳನ್ನೇ ನೋಡಬೇಕು.

ಮಹಾತ್ಮ ಗಾಂಧಿ ರಸ್ತೆಗೆ ಹೊಂದಿಕೊಂಡಿರುವ ಮಿಡ್‌ಫೋರ್ಡ್ ಗಾರ್ಡನ್‌ನಲ್ಲಿ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯು ವ್ಯಂಗ್ಯಚಿತ್ರಕ್ಕೆಂದೇ ಮೀಸಲಾದ ಗ್ಯಾಲರಿಯನ್ನು 2007ರಲ್ಲಿ ತೆರೆಯಿತು. ಈ ಸಂಸ್ಥೆಯ ಬೆನ್ನೆಲುಬಾಗಿ ದುಡಿದವರು ಕನ್ನಡ ಪತ್ರಿಕೆಗಳಲ್ಲಿ ಕೆಲಸ ಮಾಡಿದ ಚಿತ್ರಕಾರ ವಿ.ಜಿ. ನರೇಂದ್ರ. ರಾಮಮೂರ್ತಿಯವರು ತೀರಿಕೊಂಡ ಮೂರು ವರ್ಷಗಳ ನಂತರ, ಅವರು ದುಡಿದ ಪತ್ರಿಕಾಲಯದಿಂದ ನಡೆದು ಹೋಗುವಷ್ಟು ದೂರದಲ್ಲಿ ಇಂಥದೊಂದು ಸ್ಥಳ ದೊರೆತದ್ದು ಆಕಸ್ಮಿಕವಾದರೂ ಉಚಿತವಾದುದು. ಅದೇ ವರ್ಷಗಳಲ್ಲಿ ಮೆಟ್ರೋ ಕಾಮಗಾರಿಗಾಗಿ ಆ ರಸ್ತೆಯ ನೆರಳಿನ ಕಾಲುದಾರಿಯೂ ಪ್ಲಾಜಾ ಚಿತ್ರಮಂದಿರವೂ ಹೋದವು. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ ಓಡಿದ ರೈಲು ಇಂದಿರಾನಗರ ಮತ್ತು ಹಲಸೂರನ್ನು ದಂಡಿನ ಹೃದಯಕ್ಕೆ ಜೋಡಿಸಿತು. ಕೃಷ್ಣರಾಜಪುರ ಆ ಸಾಲಿಗೆ ಪೂರ್ಣವಾಗಿ ಸೇರಿದ್ದು 2023ರಲ್ಲಿ. 2025ರ ಸೆಪ್ಟೆಂಬರಿನಲ್ಲಿ ಮಹಾನಗರ ಪಾಲಿಕೆಯೇ ಐದು ನಗರ ಪಾಲಿಕೆಗಳಾಗಿ ಒಡೆಯಿತು. 1949ರಲ್ಲಿ ಕೂಡಿದ ಪೇಟೆ ಮತ್ತು ದಂಡು, ಚಿಕ್ಕಪೇಟೆ ಮತ್ತು ಶಿವಾಜಿನಗರ, ಕೇಂದ್ರ ನಗರ ಪಾಲಿಕೆಯಲ್ಲಿ ಒಟ್ಟಾಗಿಯೇ ಉಳಿದವು. ಕೃಷ್ಣರಾಜಪುರದ ನಾಗರಿಕ ಪೂರ್ವ ನಗರ ಪಾಲಿಕೆಗೆ ಸೇರಿದ. ‘ಮಿಸ್ಟರ್ ಸಿಟಿಜನ್’ ಇದ್ದಿದ್ದರೆ ತನ್ನ ಅರ್ಜಿಯನ್ನು ಯಾವ ಕಚೇರಿಗೆ ಒಯ್ಯಬೇಕೆಂದು ಮೊದಲು ವಿಚಾರಿಸುತ್ತಿದ್ದ.

ಪ್ರದರ್ಶನದ ಗೋಡೆಯಿಂದ ಮಾತ್ರ ಸಂಶೋಧನೆಗೆ ನೆರವಾಗದು. ಅಗತ್ಯವಾಗಿ ಆಗಬೇಕಾದುದು ಸೂಚಿಯ ಕೆಲಸ. ರಾಮಮೂರ್ತಿಯವರ ಪ್ರತಿಯೊಂದು ಕಿರುಚಿತ್ರಕ್ಕೂ ದಿನಾಂಕ, ಪತ್ರಿಕೆ, ಪುಟ, ಅಡಿಬರಹದ ಭಾಷೆ, ವಿಷಯ, ಚಿತ್ರದಲ್ಲಿ ಗುರುತಿಸಬಹುದಾದ ಸ್ಥಳ ಅಥವಾ ವ್ಯಕ್ತಿ ಇವಿಷ್ಟನ್ನು ಒಂದು ಸಾಲಿನಲ್ಲಿ ದಾಖಲಿಸಬೇಕು. ಜೊತೆಗೆ ಅಂದಿನ ಮುಖ್ಯ ಸುದ್ದಿಯ ತಲೆಬರಹವೂ ಇರಬೇಕು, ಏಕೆಂದರೆ ಕಿರುಚಿತ್ರದ ವ್ಯಂಗ್ಯಾರ್ಥ ಅನೇಕ ವೇಳೆ ಪಕ್ಕದ ಕಾಲಮಿನಲ್ಲಿ ಇರುತ್ತದೆ. ಚಿತ್ರವನ್ನು ಕತ್ತರಿಸಿ ಬೇರೆಡೆ ಅಂಟಿಸಿದ ಮರುಕ್ಷಣ ಆ ಅರ್ಥದ ಒಂದು ಭಾಗ ಉದುರಿಹೋಗುತ್ತದೆ. ವಿಶ್ವವಿದ್ಯಾನಿಲಯಗಳ ಪತ್ರಿಕೋದ್ಯಮ ವಿಭಾಗಗಳಲ್ಲಿ ಪ್ರತಿವರ್ಷ ಸಿದ್ಧವಾಗುವ ಕಿರುಪ್ರಬಂಧಗಳಲ್ಲಿ ಹತ್ತನ್ನು ಇದಕ್ಕೆ ಮೀಸಲಿಟ್ಟು, ಒಬ್ಬ ವಿದ್ಯಾರ್ಥಿಗೆ ನಾಲ್ಕು ವರ್ಷಗಳ ಪುಟಗಳನ್ನು ಹಂಚಿದರೆ, ನಲವತ್ತು ವರ್ಷಗಳ ಸೂಚಿ ಒಂದೇ ಶೈಕ್ಷಣಿಕ ವರ್ಷದಲ್ಲಿ ಸಿದ್ಧವಾಗುತ್ತದೆ. ಹಳೆಯ ಬೈಂಡುಗಳನ್ನು ಉಳಿಸಿಕೊಂಡಿರುವ ಗ್ರಂಥಾಲಯಗಳಲ್ಲಿ ಈ ಕೆಲಸವನ್ನು 1970ರ ದಶಕದ ಸಂಪುಟಗಳಿಂದ ಆರಂಭಿಸುವುದು ಉಚಿತ.